ಕರೆದರೆ ತಿರುಗದವರು

ಗೋಡೆ ಉಸಿರಾಡುತ್ತಿತ್ತು.

ಮುತ್ತಲಗಿಯ ಕಾಪು ಕೇಂದ್ರಕ್ಕೆ ಮೊದಲ ಸಲ ಬಂದವರಿಗೆಲ್ಲ ಹಾಗೆಯೇ ಅನ್ನಿಸುತ್ತದೆ. ನೆಲದಿಂದ ಸೂರಿನವರೆಗೆ ಒಂದೇ ಕಪ್ಪು ಪರದೆ. ಪರದೆಯ ಮೇಲೆ ಊರಿನ ನಕ್ಷೆ, ನಕ್ಷೆಯ ತುಂಬ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆ ಒಬ್ಬ ಹುಡುಗ ಅಥವಾ ಒಬ್ಬ ಹುಡುಗಿ. ಅವರ ಎದೆ ಬಡಿದಾಗ ಚುಕ್ಕೆ ಒಂದಿಷ್ಟು ಹಿಗ್ಗಿ ಮತ್ತೆ ಕುಗ್ಗುತ್ತದೆ. ಹನ್ನೆರಡು ದಾಟಿದ, ಇಪ್ಪತ್ತೊಂದು ತುಂಬದ ಎಲ್ಲರ ಎದೆಬಡಿತ ಒಂದೇ ಗೋಡೆಯ ಮೇಲೆ. ಒಳಗೆ ಬರುವವರು ಚಪ್ಪಲಿ ಬಿಡಬೇಕೆಂಬ ನಿಯಮವೇನೂ ಇರಲಿಲ್ಲ. ಆದರೂ ಎಲ್ಲರೂ ಬಾಗಿಲ ಹೊರಗೇ ಬಿಟ್ಟು ಬರುತ್ತಿದ್ದರು.

ಶಿವಲೀಲಾ ಅಲ್ಲಿ ಮುಂಜಾನೆ ಪಾಳಿಯ ಅಧಿಕಾರಿ. ಆ ದಿನ ಹೊತ್ತು ಮೂಡುವಾಗ ಅವಳು ಚಹಾದ ಲೋಟ ಕೆಳಗಿಡುತ್ತಿದ್ದಳು. ನಕ್ಷೆಯ ಅಂಚಿನಲ್ಲಿ, ದೊಡ್ಡಕೆರೆಯ ದಂಡೆಯ ಮೇಲೆ, ಒಂದು ಚುಕ್ಕೆ ಕೆಂಪಾಯಿತು.

ಯಾರದೆಂದು ನೋಡುವ ಅಗತ್ಯವಿರಲಿಲ್ಲ. ಅಷ್ಟು ಹೊತ್ತಿಗೆ ಅಷ್ಟು ದೂರ ಹೋಗುವ ಹುಡುಗಿ ಊರಿನಲ್ಲಿ ಒಬ್ಬಳೇ. ಶಿವಲೀಲಾಳ ಮಗಳು ದಾನಮ್ಮ.

ಕೆಂಪು ಬಿದ್ದ ಮೇಲೆ ಮೂರು ಉಸಿರಿನ ಸಮಯವಿರುತ್ತದೆ. ಶಿವಲೀಲಾಳ ಮೇಜಿನ ಮೇಲೆ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಒಂದು ಗುಂಡಿ ಇತ್ತು. ಅದರ ಹೆಸರು ತಡೆ. ಆ ಮೂರು ಉಸಿರಿನೊಳಗೆ ಅದನ್ನು ಒತ್ತಿದರೆ ಮಗುವಿಗೆ ತಂಪು ಬೀಳುವುದಿಲ್ಲ, ಆದರೆ ಅಲ್ಲಿಂದ ಮುಂದೆ ಆ ಮಗುವಿನ ಜೀವಕ್ಕೆ ಒತ್ತಿದವರೇ ಹೊಣೆ. ಕೇಂದ್ರ ಶುರುವಾದ ಮೇಲೆ ಯಾರೂ ಒತ್ತಿರಲಿಲ್ಲ. ಆಯುಧ ಪೂಜೆಯ ದಿನ ಮುಚ್ಚಳದ ಧೂಳು ಒರೆಸಿ ಕುಂಕುಮ ಹಚ್ಚುತ್ತಿದ್ದರು, ಅಷ್ಟೇ.

ಒಂದು. ಎರಡು. ಅವಳ ಕೈ ಮೇಜಿನ ಮೇಲೆಯೇ ಇತ್ತು. ಮೂರು.

ಚುಕ್ಕೆ ಹಳದಿಯಾಯಿತು, ಆಮೇಲೆ ಹಸಿರಾಯಿತು. ಕೆರೆಯ ದಂಡೆಯ ಮೇಲೆ ಮಗಳ ಎದೆ ಈಗ ಹೇಗೆ ಬಡಿಯುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಉಂಡು ಮಲಗಿದವರ ಎದೆಯ ಹಾಗೆ.

ಕಾಪು ಎಂದರೆ ಕೊರಳಿನ ಬುಡದಲ್ಲಿ ಅಂಟಿಸುವ ಒಂದು ಸಣ್ಣ ಬಿಲ್ಲೆ. ನಾಡಿ, ಉಸಿರು, ಬೆವರಿನ ಉಪ್ಪು, ಮೈಕೂದಲು ನಿಮಿರುವುದು, ಎಲ್ಲವನ್ನೂ ಅದು ಓದುತ್ತದೆ. ಅಪಾಯವೆಂದು ಕಂಡರೆ ಕೊರಳಲ್ಲಿ ಹಾದುಹೋಗುವ ನರಕ್ಕೆ ಒಂದು ಸಣ್ಣ ಮಿಡಿತ ಕಳಿಸುತ್ತದೆ. ನೋವಾಗುವುದಿಲ್ಲ. ಕಾಲು ಭಾರವಾಗುತ್ತವೆ, ಮನಸ್ಸು ಮಜ್ಜಿಗೆ ಕುಡಿದ ಮಧ್ಯಾಹ್ನದಂತೆ ಮಂದವಾಗುತ್ತದೆ, ಇದ್ದಲ್ಲೇ ಕೂರಬೇಕೆನಿಸುತ್ತದೆ. ಊರಿನವರು ಅದಕ್ಕೆ ತಂಪು ಎಂದು ಹೆಸರಿಟ್ಟಿದ್ದರು. ಓಡುವ ಬೈಕಿನ ಮೇಲೆ ತಂಪು ಬಿದ್ದರೆ ಬೈಕೂ ತಾನಾಗಿ ನಿಲ್ಲುತ್ತದೆ.

ಇದನ್ನು ನೋಡಿ ನಗುವಂತಿರಲಿಲ್ಲ. ಕಾಪು ಬರುವ ಮೊದಲಿನ ಬೇಸಿಗೆಯಲ್ಲಿ ಕಲ್ಲು ಕ್ವಾರಿಯ ಹೊಂಡದಲ್ಲಿ ಈಜಲು ಹೋದ ಏಳು ಮಕ್ಕಳು ಸತ್ತಿದ್ದರು. ಬೈಕಿನ ಮೇಲೆ ಹೋದವರು ಬೇರೆ. ಕಾಪು ಬಂದ ಮೇಲೆ ಮುತ್ತಲಗಿಯಲ್ಲಿ ಒಂದು ಮಗುವೂ ಹಾಗೆ ಸತ್ತಿರಲಿಲ್ಲ. ಒಂದೂ. ಬೇರೆ ದೇಶಗಳಿಂದ ಜನ ಇದನ್ನು ನೋಡಲು ಬಂದಿದ್ದರು. ಗೋಡೆಯ ಮುಂದೆ ನಿಂತು ಕಣ್ಣೊರೆಸಿಕೊಂಡು ಹೋಗಿದ್ದರು.

ಆಮೇಲೆ ಬಂದ ನಿಯಮಗಳನ್ನು ಯಾರೂ ಕೂತು ಬರೆಯಲಿಲ್ಲ. ಎಲ್ಲಿ ಹೆಚ್ಚು ಕೆಂಪು ಬೀಳುತ್ತದೋ ಅಲ್ಲೊಂದು ನಿಯಮ ತಾನೇ ಹುಟ್ಟಿತು. ಕಾಲೇಜಿನ ನಾಟಕ ನಿಂತಿತು. ಈಜುಕೊಳಕ್ಕೆ ಮಣ್ಣು ತುಂಬಿ ವಾಹನ ನಿಲ್ಲಿಸುವ ಜಾಗ ಮಾಡಿದರು. ಪಂಚಮಿಯ ಜೋಕಾಲಿ ನೆಲದಿಂದ ಮೊಣಕಾಲೆತ್ತರ ಮೀರಬಾರದೆಂದಾಯಿತು. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆಯಲ್ಲಿರಬೇಕೆಂದಾಯಿತು.

"ಶಿವಲೀಲಾ, ಇದು ಈ ತಿಂಗಳು ಮೂರನೇದು."

ಹಿಂದೆ ವಿರೂಪಾಕ್ಷ ಹಂದ್ರಾಳ ನಿಂತಿದ್ದರು. ಕಾಪುವನ್ನು ಕಟ್ಟಿದ ವಿಜ್ಞಾನಿ, ಕೇಂದ್ರದ ಮುಖ್ಯಸ್ಥ. ನಿವೃತ್ತಿ ಹತ್ತಿರ ಬಂದಿದ್ದರೂ ದಿನವೂ ಎಲ್ಲರಿಗಿಂತ ಮೊದಲು ಬಂದು ಗೋಡೆಯ ಮುಂದೆ ಒಂದಿಷ್ಟು ಹೊತ್ತು ಕೈಕಟ್ಟಿ ನಿಲ್ಲುತ್ತಿದ್ದರು.

"ಗೊತ್ತೈತ್ರಿ ಸರ್."

"ಇನ್ನೊಂದು ಬಿದ್ರ ಕಾಪು ಇಪ್ಪತ್ತೊಂದಕ್ಕ ತಗಿಯೂದಿಲ್ಲ. ಇಪ್ಪತ್ತೈದಕ್ಕ ಹೋಗತೈತಿ. ಮನಿ, ಕಾಲೇಜು ಬಿಟ್ಟು ಎಲ್ಲೂ ಹೋಗಂಗಿಲ್ಲ. ಆ ಕಾಗದಕ್ಕ ಸಹಿ ಪಾಳಿ ಅಧಿಕಾರಿದ ಬೇಕು." ಅವರು ತುಸು ತಡೆದರು. "ನಿಮ್ಮದ."

"ಹೂಂ ರಿ."

"ಯಾರರೆ ಹುಡುಗ ಅದಾನೇನು ನೋಡ್ರಿ. ಕೆರಿ ದಂಡಿ ಮ್ಯಾಲೆ ಹೊತ್ತು ಹುಟ್ಟೂ ಮುಂದ ಮತ್ತೇನಿರತೈತಿ?"

*

"ಯಾಂವ ಅಂವ?"

ಈ ಪ್ರಶ್ನೆಯನ್ನು ಶಿವಲೀಲಾ ರೊಟ್ಟಿ ಬಡಿಯುತ್ತಲೇ ಕೇಳಿದಳು, ತಿರುಗಿ ನೋಡಲಿಲ್ಲ. ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಥಟ್ಟನೆ ನಿಂತಿತು. ಅವಳ ಗಂಡ ಗುರುಪಾದ ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ. ಕೆಲಸ ಮಾಡುತ್ತಲೇ ಮನೆಯ ಎಲ್ಲ ಮಾತನ್ನೂ ಕೇಳಿಸಿಕೊಳ್ಳುವವನು.

"ಯಾಂವ?" ಎಂದಳು ದಾನಮ್ಮ. ಹತ್ತೊಂಬತ್ತು ವಯಸ್ಸು, ಬಿ.ಎಸ್ಸಿ. ಎರಡನೇ ವರ್ಷ. ಗೋಡೆಗೆ ಒರಗಿ ಕಾಲು ಚಾಚಿ ಕೂತು ಶೇಂಗಾ ಚಟ್ನಿಯನ್ನು ಬೆರಳಿನಿಂದ ನೆಕ್ಕುತ್ತಿದ್ದಳು.

"ಕೆರಿ ದಂಡಿಗೆ ಬರಾಂವ."

"ಒಬ್ಬನಲ್ಲವ್ವ. ಒಂದ ನಾಕ ಸಾವಿರ ಅದಾರ."

"ದಾನೂ!" ಎಂದು ಪಡಸಾಲೆಯಿಂದ ದನಿ ಬಂತು.

"ಹಕ್ಕಿ, ಅಪ್ಪಾ. ಹೆಬ್ಬಾತು. ಚಳಿಗಾಲಕ್ಕ ಮಂಗೋಲಿಯಾದಿಂದ ಬರ್ತಾವಲ್ಲ, ಅವು."

ಹೊಲಿಗೆ ಯಂತ್ರ ಮತ್ತೆ ಶುರುವಾಯಿತು. "ಹಕ್ಕಿ ನೋಡಿದ್ರ ಕೆಂಪು ಬೀಳತೈತೇನು? ನಾವೇನು ಹಕ್ಕಿ ನೋಡಿಲ್ಲೇನು?"

"ನೋಡಿದೇನಪ್ಪಾ? ಅವು ಏಳೂದನ್ನ ನೋಡಿದೇನು?"

ಗುರುಪಾದ ಯೋಚಿಸಿದ. "ಇಲ್ಲ. ಆದ್ರ ಹಕ್ಕಿ ಅಂದ ಮ್ಯಾಲೆ ಏಳ್ತಾವ ಬಿಡು."

ದಾನಮ್ಮ ಈ ಸಲ ತಮಾಷೆ ಮಾಡಲಿಲ್ಲ. ಕೊರಳಿನ ಬಿಲ್ಲೆಯ ಮೇಲೆ ಬೆರಳಿಟ್ಟಳು. ಮಾತು ಗಂಭೀರವಾದಾಗ ಆ ವಯಸ್ಸಿನವರೆಲ್ಲ ಹಾಗೆ ಮಾಡುತ್ತಿದ್ದರು, ತಮಗೇ ಗೊತ್ತಿಲ್ಲದಂತೆ.

"ಅವ್ವಾ, ನಾಕು ಚಳಿಗಾಲ ಆತು. ಒಮ್ಮೆನೂ ಪೂರ್ತಿ ನೋಡಿಲ್ಲ ನಾ. ಹೊತ್ತು ಹುಟ್ಟೂ ಮುಂದ ಎಲ್ಲಾ ನೀರಿನ ಮ್ಯಾಲೆ ಕುಂತಿರ್ತಾವ. ಒಂದು ಕೊಳ್ಳು ಎತ್ತತೈತಿ. ಆಮ್ಯಾಲೆ ಇನ್ನೊಂದು. ಆಮ್ಯಾಲೆ ಎಲ್ಲಾ ಒಮ್ಮೆಲೇ..." ಅವಳು ಕೈಯೆತ್ತಿದವಳು ಅಲ್ಲೇ ಬಿಟ್ಟಳು. "ಅಷ್ಟರಾಗ ತಂಪು ಬೀಳತೈತಿ. ಮ್ಯಾಲೆ ನೋಡಿದ್ರ ಏನೋ ಕೋಳಿ ಹಾರಿಧಂಗ. ಕಣ್ಣಿಗೆ ಕಾಣತೈತಿ, ಒಳಗ ಏನೂ ಆಗೂದಿಲ್ಲ. ಕೆಸರಾಗ ಕುಂತು ಬರ್ತೀನಿ."

ಶಿವಲೀಲಾ ಹೆಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು.

"ಇನ್ನೆರಡು ವರ್ಷ ತಡಿ. ಹೋಗಬ್ಯಾಡ ಅತ್ತಾಗ. ಕಾಪು ತಗದ ಮ್ಯಾಲೆ ದಿನಾ ಹೋಗು."

"ಕಾಪು ತಗದವರು ಯಾರರೆ ಹೋಗ್ಯಾರೇನವ್ವ? ನನಗಿಂತ ದೊಡ್ಡವರು, ತಗಿಸಿಕೊಂಡವರು, ಅಷ್ಟು ಮಂದಿ ಅದಾರ. ಬರ್ರಿ ಹೋಗೂಣು ಅಂದೆ. 'ನಡೀತೈತಿ' ಅಂದ್ರು. ಬ್ಯಾಡ ಬಿಡ್ರಿ ಅಂದೆ. ಅದಕ್ಕೂ 'ನಡೀತೈತಿ' ಅಂದ್ರು. ಎರಡು ವರ್ಷಕ್ಕ ನಾನೂ ಹಂಗ ಅನ್ನಾಕ ಕಲ್ತಿರ್ತೀನಿ."

ಶಿವಲೀಲಾ ಇನ್ನೊಂದು ರೊಟ್ಟಿ ಬಡಿಯತೊಡಗಿದಳು. ಗುರುಪಾದನೇ ಮಾತು ಬೇರೆ ಕಡೆ ತಿರುಗಿಸಿದ.

"ಮಂಗೋಲಿಯಾ ಅಂದ್ರ ಎಷ್ಟು ದೂರ?"

"ಹಿಮಾಲಯ ದಾಟಿ ಬರ್ತಾವಪ್ಪಾ. ದೊಡ್ಡವುಕ್ಕ ತಲಿ ಹಿಂದ ಎರಡು ಕರೇ ಗೆರಿ ಇರ್ತಾವ. ಗೆರಿ ಇನ್ನೂ ಮೂಡಲಾರದ್ದು ಈ ವರ್ಷ ಹುಟ್ಟಿದ ಮರಿ. ಅವೂ ಬರ್ತಾವ. ಆರು ತಿಂಗಳ ಮರಿ ಹಿಮಾಲಯದ ಮ್ಯಾಲಿಂದ ಬರತೈತಿ."

"ಅದರ ಕೈಯಾಗ ಒಂದು ಬೈಕ್ ಕೊಟ್ಟು ನೋಡು, ಮುಂದಿನ ತಿರುವಿನ್ಯಾಗ ಬಿದ್ದಿರತೈತಿ" ಎಂದ ಗುರುಪಾದ. ದಾನಮ್ಮ ನಕ್ಕಳು. ಶಿವಲೀಲಾಳೂ ನಕ್ಕಳು. ಆದರೆ ಊಟಕ್ಕೆ ಕೂತಾಗ ಮಗಳು ಇನ್ನೊಂದು ಮಾತು ಕೇಳಿದಳು.

"ನೀ ಇದ ಊರಾಗ ಹುಟ್ಟಿದಾಕಿ. ನಿನಗ ಕಾಪು ಇರಲಿಲ್ಲ. ನೀನೂ ನೋಡಿಲ್ಲೇನವ್ವ?"

ನೋಡಿರಲಿಲ್ಲ. ಹೋಗಬೇಡ ಎಂದಿದ್ದರು, ಅವಳು ಹೋಗಿರಲಿಲ್ಲ.

*

ಮರುದಿನ ಪಾಳಿ ಮುಗಿದ ಮೇಲೂ ಶಿವಲೀಲಾ ಮನೆಗೆ ಹೋಗಲಿಲ್ಲ. ಮಗಳ ಎಲ್ಲ ಕೆಂಪುಗಳ ಅಲೆಗಳನ್ನು ಪರದೆಗೆ ತಂದಳು. ಪಕ್ಕದಲ್ಲಿ, ಇಳಿಜಾರಿನಲ್ಲಿ ಸೈಕಲ್ ಬ್ರೇಕ್ ಕಿತ್ತುಹೋದ ಒಬ್ಬ ಹುಡುಗನ ಕೆಂಪನ್ನು ಇಟ್ಟಳು.

ಹುಡುಗನ ಅಲೆ ಓಡುತ್ತಿತ್ತು. ನಾಡಿ ನಾಗಾಲೋಟ, ಉಸಿರು ತುಂಡು ತುಂಡು, ಅಂಗೈ ತಣ್ಣಗೆ.

ದಾನಮ್ಮನ ಅಲೆ ನಿಂತಿತ್ತು. ನಾಡಿ ಒಂದು ಕ್ಷಣ ನಿಧಾನವಾಗಿ, ಆಮೇಲೆ ಬಾಗಿಲು ತೆರೆದಂತೆ ಅಗಲವಾಗಿತ್ತು. ಉಸಿರು ಪೂರ್ತಿ ನಿಂತಿತ್ತು. ಮೈಕೂದಲು ನಿಮಿರಿತ್ತು. ಅಂಗೈ ಬೆಚ್ಚಗಿತ್ತು.

ಎರಡಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಎರಡರ ಕೆಳಗೂ ಯಂತ್ರ ಒಂದೇ ಮಾತು ಬರೆದಿತ್ತು: ಅಪಾಯ.

ಇಷ್ಟು ವರ್ಷದ ಎಲ್ಲ ಕೆಂಪುಗಳನ್ನೂ ಈ ಎರಡು ರಾಶಿಯಾಗಿ ವಿಂಗಡಿಸು ಎಂದು ಅವಳು ಯಂತ್ರಕ್ಕೆ ಹೇಳಿದಳು. ಯಂತ್ರ ಚಕಾರವೆತ್ತದೆ ವಿಂಗಡಿಸಿತು. ಓಡುವ ಅಲೆಗಳ ರಾಶಿ ಸಣ್ಣದಿತ್ತು. ನಿಂತ ಅಲೆಗಳ ರಾಶಿ ಅದರ ಎಷ್ಟೋ ಪಟ್ಟು ದೊಡ್ಡದಿತ್ತು. ಅವು ಬಿದ್ದ ಜಾಗಗಳನ್ನು ನಕ್ಷೆಯ ಮೇಲೆ ತೋರಿಸು ಎಂದಳು. ಗೋಡೆಯ ಮೇಲೆ ಊರು ಹೊತ್ತಿಕೊಂಡಿತು. ಮನೆಗಳ ಮಾಳಿಗೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಮೇಜು. ಆಕಳು ಈದ ಒಂದು ಕೊಟ್ಟಿಗೆ. ತಬಲಾ ಕಲಿಸುವ ಮನೆ. ಗ್ರಂಥಾಲಯದ ಕಿಟಕಿ. ಅಲ್ಲೆಲ್ಲ ಯಾರೋ ಒಬ್ಬ ಹುಡುಗ, ಯಾರೋ ಒಬ್ಬ ಹುಡುಗಿ ಉಸಿರು ಹಿಡಿದು ನಿಂತಿದ್ದರು. ಮೂರು ಉಸಿರಾಗುವುದರೊಳಗೆ ಎಲ್ಲರಿಗೂ ತಂಪು ಬಿದ್ದಿತ್ತು.

ಶಿವಲೀಲಾ ಎದ್ದು ಗೋಡೆಯ ಹತ್ತಿರ ಹೋದಳು. ಅಷ್ಟು ಬೆಳಕು ಈ ಊರಿನಲ್ಲಿ ಇದ್ದೀತೆಂದು ಅವಳು ಎಂದೂ ಎಣಿಸಿರಲಿಲ್ಲ.

ಯಂತ್ರಕ್ಕೆ ಇದನ್ನು ಅಪಾಯವೆಂದು ಕಲಿಸಿದವರು ಯಾರು?

ಕಾಪು ತಾನಾಗಿ ಏನನ್ನೂ ಕಲಿತದ್ದಲ್ಲ. ಕಟ್ಟುವ ಮೊದಲು ಒಂದು ವರ್ಷ ಊರಿನ ಸಾವಿರ ಮಕ್ಕಳ ಕೊರಳಿಗೆ ಬರಿಯ ಬಿಲ್ಲೆ ಅಂಟಿಸಿ, ಅವರ ತಂದೆತಾಯಿಗೆ ಒಂದೊಂದು ಬಳೆ ಕೊಟ್ಟಿದ್ದರು. ಮಗುವಿಗೆ ಅಪಾಯ ಅನ್ನಿಸಿದ ಕೂಡಲೇ ಬಳೆಯ ಗುಂಡಿ ಒತ್ತಬೇಕು, ಯಾಕೆ ಒತ್ತಿದೆನೆಂದು ಒಂದು ಮಾತು ಹೇಳಬೇಕು. ಆ ಗಳಿಗೆಯಲ್ಲಿ ಮಗುವಿನ ಮೈ ಹೇಗಿತ್ತೋ ಅದನ್ನು ಯಂತ್ರ ಕಲಿತುಕೊಳ್ಳುತ್ತಿತ್ತು. ಫಲಿತಾಂಶ ಚೆನ್ನಾಗಿ ಬಂದದ್ದರಿಂದ ಆಮೇಲೆ ಯಾರೂ ಆ ಧ್ವನಿಗಳನ್ನು ತೆರೆದು ಕೇಳಿರಲಿಲ್ಲ. ಶಿವಲೀಲಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡನೇ ರಾಶಿಯ ಮೂಲವನ್ನು ಹುಡುಕತೊಡಗಿದಳು.

"ಗಾಳಿಪಟ ನೋಡಿಕೋಂತ ನಿಂತಾಳ್ರಿ. ಕರದ್ರ ತಿರಗವಲ್ಲಳು."

"ರೈಲು ಹೊಂಟೈತಿ, ಬಾಯಿ ತಕ್ಕೊಂಡು ನಿಂತಾನ. ಎಷ್ಟು ಕರದ್ರೂ ತಿರಗವಲ್ಲ."

"ಮಾಳಿಗಿ ಮ್ಯಾಲೆ ಮಲಗಿ ಚಿಕ್ಕಿ ನೋಡಾಕತ್ತಾಳ. ಊಟಕ್ಕ ಕರದೆ. ತಿರಗವಲ್ಲಳು. ಅಂಜಿಕಿ ಬಂತ್ರಿ ನನಗ."

ಗಂಡಸರ ದನಿ, ಹೆಂಗಸರ ದನಿ, ಅಜ್ಜಿಯರ ದನಿ. ಮಾತು ಮಾತ್ರ ಅದೇ. ಈ ಊರಿನಲ್ಲಿ ಮಗುವನ್ನು ಕರೆದರೆ ಮಗು ತಿರುಗಬೇಕು. ತಿರುಗದಿದ್ದರೆ ದೊಡ್ಡವರು ಅಂಜುತ್ತಾರೆ. ಅವರು ಗುಂಡಿ ಒತ್ತಿದ್ದರು. ಯಂತ್ರ ನಂಬಿಗಸ್ತ ಯಂತ್ರ. ಮಕ್ಕಳ ಅಪಾಯವನ್ನು ಕಲಿ ಎಂದರೆ ಅದು ದೊಡ್ಡವರ ಅಂಜಿಕೆಯನ್ನು ಅಕ್ಷರ ಬಿಡದೆ ಕಲಿತಿತ್ತು.

ನಡುವೆ ಬಂದ ಒಂದು ದನಿಗೆ ಅವಳು ಕೈ ತಡೆದಳು. ಮತ್ತೊಮ್ಮೆ ಕೇಳಿದಳು. ಎದ್ದು ಹೋಗಿ ಹಂದ್ರಾಳರನ್ನು ಕರೆತಂದಳು.

"ಸರ್, ಇದನ್ನ ಕೇಳ್ರಿ."

"ನನ್ನ ಮಗ ಶಶಾಂಕ ಬಾವ್ಯಾಗ ಇಣುಕಿ ಕೂಗಿ ಕೂಗಿ ತನ್ನ ದನಿ ತಾನ ಕೇಳಾಕತ್ತಾನ," ಎಂದಿತು ಹಂದ್ರಾಳರದೇ ದನಿ, ಹದಿನಾಲ್ಕು ವರ್ಷ ಎಳೆಯದು. "ನಗಾಕತ್ತಾನ. ಕರದ್ರ ತಿರಗವಲ್ಲ."

ಹಂದ್ರಾಳ ಕುರ್ಚಿಯ ಬೆನ್ನು ಹಿಡಿದುಕೊಂಡರು. ಶಿವಲೀಲಾ ಎರಡು ರಾಶಿಗಳನ್ನೂ ತೋರಿಸಿದಳು. ಅವರು ಎಲ್ಲವನ್ನೂ ನೋಡಿದರು. ವಿಜ್ಞಾನಿಯಾದ್ದರಿಂದ ಅಲೆಗಳು ಬೇರೆ ಬೇರೆ ಎಂಬ ಬಗ್ಗೆ ವಾದ ಮಾಡಲಿಲ್ಲ.

"ಬಾವಿ ಐತ್ರಿ ಅದು. ಹತ್ತು ವರ್ಷದ ಹುಡುಗ. ನಾ ಒತ್ತಿದ್ದು ತಪ್ಪೇನು?"

"ತಪ್ಪಲ್ರಿ. ನಾನೂ ಒತ್ತತಿದ್ದೆ."

"ಬೆರಗಾದ ಮಕ್ಕಳೂ ಬೀಳ್ತಾರ, ಶಿವಲೀಲಾ. ಕ್ವಾರಿ ಹೊಂಡದಿಂದ ಹೆಣ ಎತ್ತೂ ಮುಂದ ನಾ ಅಲ್ಲಿದ್ದೆ. ಏಳನೇದು ಈಜಾಕ ಬಂದದ್ದಲ್ಲ. ನೀರಾಗ ಮೋಡ ಕಾಣತೈತಿ ಅಂತ ಬಗ್ಗಿ ನೋಡಾಕತ್ತಿತ್ತಂತ. ಅದರ ಅಣ್ಣ ಹೇಳಿದ."

ಅದು ಸುಳ್ಳಲ್ಲ. ಕೆರೆಯ ದಂಡೆಯ ಎರೆಮಣ್ಣು ಎಷ್ಟು ಜಾರುತ್ತದೆಂದು ಶಿವಲೀಲಾಳಿಗೂ ಗೊತ್ತಿತ್ತು.

"ಹೌದ್ರಿ ಸರ್" ಎಂದಳು. "ಆದ್ರ ಬಾವಿಗೆ ಕಟ್ಟಿ ಕಟ್ಟಬೇಕಾಗಿತ್ತು. ನಾವು ಹುಡುಗನ ದನಿಗೆ ಕಟ್ಟಿಬಿಟ್ವಿ."

ಹಂದ್ರಾಳ ಗೋಡೆಯ ಹಸಿರು ಚುಕ್ಕೆಗಳ ಕಡೆ ತಿರುಗಿದರು. ಆಮೇಲೆ ಯಾರಿಗೋ ಬೇರೆಯವರಿಗೆ ಹೇಳುವಂತೆ ಹೇಳಿದರು:

"ಶಶಾಂಕ ಛಲೋ ಅದಾನ್ರಿ. ಬ್ಯಾಂಕಿನ್ಯಾಗ ನೌಕರಿ. ಯಾವ ಚಟಾನೂ ಇಲ್ಲ. ಏನ ಕೇಳ್ರಿ, 'ನಡೀತೈತಿ' ಅಂತಾನ. ಹೋದ ತಿಂಗಳ ಒಂದು ಕನ್ಯಾ ತೋರಿಸಿದ್ವಿ. 'ನಡೀತೈತಿ' ಅಂದ. ಆಕಿ ಒಲ್ಲೆ ಅಂದ್ಲು. ಅದನ್ನ ಹೇಳಿದ್ವಿ. 'ನಡೀತೈತಿ' ಅಂದ." ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಯಂತ್ರ ಬದಲ ಮಾಡಾಕ ಸರಕಾರ ಒಪ್ಪಬೇಕು. ವರ್ಷಗಟ್ಟಲೆ ಹಿಡೀತೈತಿ. ನಾ ಬರೀತೀನಿ. ಆದ್ರ ನಾಳೆ ನಿಮ್ಮ ಮಗಳಿಗೆ ಕೆಂಪು ಬಿದ್ರ ನನ್ನ ಕಡೆ ಏನೂ ಉಪಾಯಿಲ್ಲ."

"ಕೈಹಿಡಿ ನಿಯಮ ಐತಲ್ರಿ ಸರ್."

ಅವರು ತಿರುಗಿ ನೋಡಿದರು. ಕೈಹಿಡಿ ನಿಯಮವನ್ನು ಅವರೇ ಮರೆತಿದ್ದರು. ಮಕ್ಕಳಿಗೆ ಸೂಜಿ ಹಾಕಿಸುವಾಗ, ಹಲ್ಲು ಕೀಳಿಸುವಾಗ ಸುಮ್ಮಸುಮ್ಮನೆ ತಂಪು ಬೀಳದಿರಲೆಂದು ಅದನ್ನು ಮಾಡಿದ್ದರು. ಬಳೆಗಳು ಈಗ ಎಲ್ಲ ಮನೆಗಳಲ್ಲೂ ಇದ್ದವು; ತಾಯಿಯೋ ತಂದೆಯೋ ಅದನ್ನು ತೊಟ್ಟ ಕೈಯಿಂದ ಮಗುವಿನ ಕೈ ಹಿಡಿದಿದ್ದರೆ, ಹಿಡಿದಷ್ಟು ಹೊತ್ತೂ ಕಾಪು ಸುಮ್ಮನಿರುತ್ತದೆ. ಬೆಳೆದ ಮಕ್ಕಳ ಕೈಯನ್ನು ಹಾಗೆ ಯಾರೂ ಹಿಡಿಯುತ್ತಿರಲಿಲ್ಲ.

"ಬಿಟ್ರ?"

"ಬಿಡೂದಿಲ್ರಿ."

"ನಾಳೆ ನಿಮ್ಮ ಪಾಳಿ ನಾ ನೋಡ್ಕೋತೀನಿ" ಎಂದರು ಹಂದ್ರಾಳ. "ಆದ್ರ ತಿಳಕೋರಿ. ನೀವು ಬಿಟ್ರ ನಾ ಹಿಡಿಯಾಕ ಬರೂದಿಲ್ಲ."

*

"ಕೈ ಹಿಡಕೊಂಡು?" ದಾನಮ್ಮನ ಕಣ್ಣು ಅಗಲವಾದವು. "ಅವ್ವಾ, ನನಗೇನು ನಾಕು ವರ್ಷೇನು? ಹಾಲಿನವರು ಕಂಡ್ರ ಊರೆಲ್ಲಾ ಹೇಳ್ತಾರ."

"ಹೇಳ್ಲಿ ಬಿಡು."

"ನಿಮ್ಮವ್ವನ ಕೈ ನಾ ಹಿಡದದ್ದು ಮದಿವಿ ದಿನಾನ ಕಡೀಕ" ಎಂದ ಗುರುಪಾದ, ಕಾಜಾ ಹೊಲಿಯುತ್ತ. "ಗಟ್ಟಿ ಕೈ ಐತಿ. ಸುಮ್ಮ ಹಿಡಕೋ."

ಆಮೇಲೆ, ದಾನಮ್ಮ ಒಳಗೆ ಹೋದ ಮೇಲೆ, ಅವನು ದಾರ ಕತ್ತರಿಸಿ ಹೆಂಡತಿಯನ್ನು ನೋಡಿದ. ಈಗ ತಮಾಷೆ ಇರಲಿಲ್ಲ.

"ಜಾರಿದ್ರ?"

"ನಾ ಇರ್ತೀನಲ್ಲ."

"ಕೆಂಪು ಬಿದ್ರ ನಾಕು ವರ್ಷ. ಆಕಿ ಮನಿ ಹಿಡದು ಕುಂತ್ರ ನಾ ನೋಡಲಾರೆ, ಶಿವಲೀಲಾ."

"ಈಗ ಕುಂತದ್ದನ್ನ ನೋಡಾಕತ್ತೀವಲ್ಲ" ಎಂದಳು ಅವಳು.

*

ಕಡಲೆ ಹೊಲಗಳ ನಡುವಿನ ದಾರಿಯಲ್ಲಿ ತಾಯಿ ಮಗಳು ಕೈ ಹಿಡಿದು ನಡೆದರು. ಹಾಲಿನವನು ಎದುರಾದ. ನೋಡಿದ. ಏನೂ ಅನ್ನಲಿಲ್ಲ, ಆದರೆ ಮುಂದೆ ಹೋಗಿ ಬೈಕ್ ನಿಲ್ಲಿಸಿ ಮತ್ತೊಮ್ಮೆ ನೋಡಿದ. ದಾನಮ್ಮನಿಗೆ ನಗು ತಡೆಯಲಾಗಲಿಲ್ಲ. ಅವಳ ಅಂಗೈ ಬೆಚ್ಚಗಿತ್ತು. ಹನ್ನೆರಡು ತುಂಬಿ ಬಿಲ್ಲೆ ಅಂಟಿಸಿದ ದಿನದಿಂದ ಈ ಕೈಯನ್ನು ತಾನು ಹಿಡಿದೇ ಇಲ್ಲವೆಂದು ಶಿವಲೀಲಾಳಿಗೆ ನೆನಪಾಯಿತು. ಹಿಡಿಯುವ ಕೆಲಸವನ್ನು ಬಿಲ್ಲೆಗೆ ಒಪ್ಪಿಸಿದ್ದಳು.

ಕೆರೆಯ ಮೇಲೆ ಮಂಜು ಇತ್ತು. ದಂಡೆಯ ಜಾಲಿ ಮರದ ಪಕ್ಕ ದಾನಮ್ಮ ನಿಂತಳು. ನಾಲ್ಕು ಚಳಿಗಾಲ ಅವಳು ಕೂತೆದ್ದ ಜಾಗ. ಕೆಸರಿನಲ್ಲಿ ಅವಳದೇ ಹಳೆಯ ಗುರುತುಗಳಿದ್ದವು.

"ಎಲ್ಲೆ ಅದಾವ?" ಎಂದಳು ಶಿವಲೀಲಾ ಪಿಸುದನಿಯಲ್ಲಿ.

"ಮುಂದ ನೋಡು."

ಮುಂದೆ ಕೆರೆಯ ಉದ್ದಗಲಕ್ಕೂ ಬೂದುಬಣ್ಣದ ಕಲ್ಲುಗಳಿದ್ದವು. ಮಂಜು ಒಂದಿಷ್ಟು ತೆಳುವಾಯಿತು. ಕಲ್ಲುಗಳಿಗೆ ಕೊರಳಿದ್ದವು.

ಶಿವಲೀಲಾಳ ಮೊದಲ ಯೋಚನೆ ಕೆಸರಿನ ಬಗ್ಗೆಯೇ ಇತ್ತು. ಮಗಳ ಕಾಲಿನಿಂದ ನೀರಿಗೆ ಎಷ್ಟು ದೂರವೆಂದು ಅಳೆದಳು. ಹಿಡಿತ ಬಿಗಿಮಾಡಿದಳು. "ಇಷ್ಟ ಸಾಕು, ಮುಂದ ಹೋಗಬ್ಯಾಡ" ಎಂದಳು. ದಾನಮ್ಮ ತಲೆಯಾಡಿಸಿದಳು. ಅವಳ ಉಸಿರು ನಿಧಾನವಾಗುತ್ತಿರುವುದು ಕೈಯಲ್ಲೇ ತಿಳಿಯುತ್ತಿತ್ತು.

ಗುಡ್ಡದ ಹಿಂದಿನಿಂದ ಬೆಳಕು ಬಂತು. ನಡುಗೆರೆಯಲ್ಲಿ ಒಂದು ಹಕ್ಕಿ ಕೊರಳೆತ್ತಿತು. ಬಿಳಿಯ ತಲೆಯ ಹಿಂದೆ ಎರಡು ಕಪ್ಪು ಗೆರೆ. ಇನ್ನೊಂದು ಎತ್ತಿತು. ಇಡೀ ಕೆರೆ ಸದ್ದಿಲ್ಲದೆ ತಲೆಯೆತ್ತಿ ಉತ್ತರದ ಕಡೆ ನೋಡಿತು. ಯಾರೋ ಕರೆದ ಹಾಗೆ.

ಆಮೇಲೆ ನೀರು ಎದ್ದಿತು.

ಶಿವಲೀಲಾಳಿಗೆ ಹಾಗೆಯೇ ಕಂಡಿತು. ಹಕ್ಕಿ ಹಾರಿದವು ಎಂದು ಅವಳಿಗೆ ಅನ್ನಿಸಲಿಲ್ಲ. ಕೆರೆ ತನ್ನ ಮೈಯನ್ನು ನೆಲದಿಂದ ಬಿಡಿಸಿಕೊಂಡು ಮೇಲಕ್ಕೆ ಹೊರಟಿತು. ಮೊದಲು ಸದ್ದು ಬಂತು, ಸಾವಿರ ಒದ್ದೆ ಬಟ್ಟೆಗಳನ್ನು ಒಮ್ಮೆಲೇ ಕೊಡವಿದಂತೆ. ಹಿಂದೆಯೇ ಗಾಳಿ ಬಂದು ಅವಳ ಸೆರಗನ್ನು ಹೆಗಲಿನಿಂದ ಕಿತ್ತಿತು. ರೆಕ್ಕೆಯ ವಾಸನೆ, ಹಸಿ ಕೆಸರಿನ ವಾಸನೆ. ಬೆಳಕು ಕೆಳಗಿನಿಂದ ಬಿದ್ದು ಎಲ್ಲ ಹೊಟ್ಟೆಗಳೂ ಬೆಂಕಿಯ ಬಣ್ಣಕ್ಕೆ ತಿರುಗಿದವು. ಆಕಾಶ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಅವುಗಳ ಕೂಗು ಅವಳ ಎದೆಗೂಡಿನೊಳಗೆ ಹೊಕ್ಕು ಅಲ್ಲಿಂದ ಅವಳದೇ ದನಿಯಂತೆ ಕೇಳಿಸಿತು. ತಲೆಯ ಮೇಲೆ, ಕೈ ಚಾಚಿದರೆ ಮುಟ್ಟುವಷ್ಟು ಕೆಳಗೆ, ಒಂದು ಹಕ್ಕಿ ಹಾದುಹೋಯಿತು. ತಲೆಯ ಮೇಲೆ ಗೆರೆ ಇರಲಿಲ್ಲ. ಈ ವರ್ಷದ ಮರಿ. ಮಂಜುಗಡ್ಡೆಯ ಬೆಟ್ಟಗಳನ್ನು ದಾಟಿ ಬಂದದ್ದು, ಇನ್ನು ಕೆಲವು ದಿನಕ್ಕೆ ಮತ್ತೆ ದಾಟಲಿರುವುದು. ಅದರ ಕಣ್ಣು ಒಂದು ಕ್ಷಣ ಅವಳನ್ನು ನೋಡಿತು, ಯಾವ ಭಯವೂ ಇಲ್ಲದೆ.

ಶಿವಲೀಲಾ ಎರಡೂ ಕೈಗಳನ್ನು ಮೇಲಕ್ಕೆತ್ತಿದಳು.

ದಾನಮ್ಮನಿಗೆ ತನ್ನ ಬೆರಳುಗಳಿಗೆ ಗಾಳಿ ತಾಗಿದ್ದು ತಿಳಿಯಿತು. ಕೈ ನೋಡಿಕೊಂಡಳು. ಖಾಲಿ ಇತ್ತು. ಕೊರಳಿನ ಬಿಲ್ಲೆ ಒಮ್ಮೆ ಕಂಪಿಸಿತು. ಕೆಂಪು.

ನಾಲ್ಕು ವರ್ಷ ಎಂದುಕೊಂಡಳು. ಅವ್ವನ ಕೈ ಹಿಡಿಯಲು ತಿರುಗಬೇಕಿತ್ತು. ತಿರುಗಿದರೆ ಮೇಲೆ ನೋಡುವುದು ತಪ್ಪುತ್ತಿತ್ತು. ಅವಳು ತಿರುಗಲಿಲ್ಲ. ಕಾಲನ್ನು ಜಾಲಿಯ ಬೇರಿಗೆ ಒತ್ತಿ ಗಟ್ಟಿಯಾಗಿ ನಿಂತಳು. ನಾಲ್ಕು ಚಳಿಗಾಲ ಕೂತೆದ್ದ ಜಾಗವಲ್ಲವೆ, ಎಲ್ಲಿ ಜಾರುತ್ತದೆಂದು ಗೊತ್ತಿತ್ತು.

ಒಂದು ಉಸಿರು. ಹಕ್ಕಿಗಳು ಇನ್ನೂ ಏಳುತ್ತಲೇ ಇದ್ದವು. ಎರಡು. ಈಗ ಬೀಳುತ್ತದೆ, ಈಗ ಎಲ್ಲವೂ ಕೋಳಿಯಾಗುತ್ತವೆ. ಮೂರು.

ತಂಪು ಬೀಳಲಿಲ್ಲ.

ನಾಲ್ಕನೇ ಉಸಿರು ಅವಳು ಎಂದೂ ತೆಗೆದುಕೊಂಡಿರದ ಉಸಿರು. ಅದರೊಳಗೆ ಕೆರೆಯ ಕೊನೆಯ ಹಕ್ಕಿಯೂ ಎದ್ದಿತು. ಗದ್ದಲವೆಲ್ಲ ನಿಧಾನವಾಗಿ ಗೆರೆಗಳಾಗತೊಡಗಿತು. ಒಂದು ಗೆರೆ, ಅದರ ಹಿಂದೆ ಇನ್ನೊಂದು, ಬೆಳಗಿನ ಆಕಾಶದ ತುಂಬ ಯಾರೋ ಬರೆಯಲು ಕಲಿಯುತ್ತಿರುವಂತೆ. ಅವಳ ಕೆನ್ನೆ ಒದ್ದೆಯಾಗಿತ್ತು.

ಜಾಲಿಯ ಬುಡದಲ್ಲಿಟ್ಟ ಅವ್ವನ ಚೀಲದಲ್ಲಿ ಫೋನು ರಿಂಗಾಗುತ್ತಿತ್ತು. ಎಷ್ಟು ಹೊತ್ತಿನಿಂದಲೋ. ದಾನಮ್ಮ ಕೈಹಾಕಿ ತೆಗೆದಳು.

"ಸರ್, ನಾನ್ರಿ, ದಾನಮ್ಮ."

"ಕಾಲು ಗಟ್ಟಿ ನೆಲದ ಮ್ಯಾಲೆ ಅದಾವೇನವಾ?" ಹಂದ್ರಾಳರ ದನಿ ನಡುಗುತ್ತಿತ್ತು.

"ಅದಾವ್ರಿ ಸರ್. ತಂಪು ಬೀಳಲಿಲ್ರಿ."

"ಗೊತ್ತೈತಿ. ಮುಚ್ಚಳ ತಗಿಯಾಕ ಬರಲಿಲ್ಲ, ಕುಂಕುಮ ಹತ್ತಿ ಅಂಟಿಕೊಂಡಿತ್ತು. ಒಡದು ಗುಂಡಿ ಒತ್ತಿದೆ. ನಿನ್ನ ಚುಕ್ಕಿ ಇಲ್ಲೆ ಗ್ವಾಡಿ ಮ್ಯಾಲೆ ಅಂಗೈಯಷ್ಟು ಆಗೈತಿ. ಹಂಗ ಆಗೂದನ್ನ ನಾ ಎಂದೂ ನೋಡಿಲ್ಲ. ಹೆಂಗಿತ್ತವಾ?"

ದಾನಮ್ಮ ಆಕಾಶ ನೋಡಿದಳು.

"ಇನ್ನೂ ಐತ್ರಿ ಸರ್."

"ನಿಮ್ಮವ್ವನ ಕೈಯಾಗ ಕೊಡು."

ಅವಳು ತಿರುಗಿದಳು. ತಾಯಿ ನಾಲ್ಕು ಹೆಜ್ಜೆ ಆಚೆ ನಿಂತಿದ್ದಳು. ಸೆರಗು ಕೆಸರಿನಲ್ಲಿ ಬಿದ್ದಿತ್ತು, ಕೈಗಳು ಮೇಲಕ್ಕೆ ಎತ್ತಿದಂತೆಯೇ ಇದ್ದವು, ಬಾಯಿ ಸಣ್ಣ ಹುಡುಗಿಯ ಬಾಯಿಯಂತೆ ತೆರೆದಿತ್ತು.

"ಅವ್ವಾ." ದಾನಮ್ಮ ಕರೆದಳು. "ಅವ್ವಾ! ಫೋನು." ಇನ್ನೂ ಗಟ್ಟಿಯಾಗಿ ಕರೆದಳು.

ಆಮೇಲೆ ಫೋನನ್ನು ಕಿವಿಗಿಟ್ಟುಕೊಂಡಳು.

"ಸರ್, ಕರದ್ರ ತಿರಗವಲ್ಲಳ್ರಿ."

ಅತ್ತ ಕುರ್ಚಿ ಎಳೆದ ಸದ್ದಾಯಿತು.

"ಇರ್ಲಿ ಬಿಡವಾ" ಎಂದರು ಹಂದ್ರಾಳ. "ಕರೀಬ್ಯಾಡ."